ಬೆಲ್ಲ ಹಚ್ಚಿದ ಬಂಡೆ

ಕರಡಿ ನೋಡಲು ನಮ್ಮ ಕೂಡ್ಲಿಗಿ ಸೀಮೆಗೆ ಬರುವವರನ್ನು ಕಂಡರೆ ನನಗೆ ಮೊದಮೊದಲು ನಗು ಬರುತ್ತಿತ್ತು, ಆಮೇಲೆ ಸಿಟ್ಟು ಬರತೊಡಗಿತು. ಹಗರಿಬೊಮ್ಮನಹಳ್ಳಿ ಬಸ್ಸಿನಲ್ಲಿ ಪಕ್ಕ ಕೂತವರು ಕಿಟಕಿಗೆ ಮೂಗು ಒತ್ತಿ, "ಮೇಡಂ, ಇಲ್ಲಿ ಕರಡಿ ರಸ್ತೆಗೇ ಬರುತ್ತಂತೆ, ನಿಜಾನಾ?" ಅನ್ನುತ್ತಾರೆ. ನಿಜ. ರಸ್ತೆಗೆ ಬರುತ್ತದೆ, ಶೇಂಗಾ ಹೊಲಕ್ಕೆ ಬರುತ್ತದೆ, ಸೀತಾಫಲದ ಗಿಡಕ್ಕೆ ಬರುತ್ತದೆ, ಬಾಗಿಲು ಮುರಿದು ಗುಡಿಗೆ ನುಗ್ಗಿ ದೀಪದ ಎಣ್ಣೆ ಕುಡಿದು ಹೋಗುತ್ತದೆ. ನಮ್ಮವರು ಅದರ ಸುದ್ದಿ ಹೇಳುವುದು ಓಣಿಯ ಕುಡುಕನ ಸುದ್ದಿ ಹೇಳಿದ ಹಾಗೆ. ನಿನ್ನೆ ಎಲ್ಲಿ ಬಿದ್ದುಕೊಂಡಿತ್ತು, ಯಾರ ಮೇಲೆ ಹರಿಹಾಯಿತು, ಇವತ್ತು ಯಾವ ಕಡೆ ಹೋಯಿತು, ಅಷ್ಟೇ. ಬಂದವರಿಗೆ ಮಾತ್ರ ಅದು ಹಬ್ಬ.

ನಾನು ಇದೇ ತಾಲೂಕಿನ ಒಂದು ಆಸ್ಪತ್ರೆಯಲ್ಲಿ ನರ್ಸ್. ಹಾವು ಕಾಲಿಗೆ ಕಚ್ಚುತ್ತದೆ, ನಾಯಿ ಮೀನಖಂಡ ಹಿಡಿಯುತ್ತದೆ. ಕರಡಿ ಎದ್ದು ನಿಂತು ನೇರ ಮುಖಕ್ಕೇ ಕೈ ಹಾಕುತ್ತದೆ. ತಲೆಯ ಚರ್ಮ ಹಿಂದಕ್ಕೆ ಸರಿದು ಬಿಳಿ ಎಲುಬು ಕಾಣುವವರನ್ನು ನಾನು ತೊಳೆದಿದ್ದೇನೆ. ತನ್ನ ಕಿವಿಯನ್ನು ಟವೆಲ್ಲಿನ ತುದಿಗೆ ಗಂಟು ಹಾಕಿಕೊಂಡು ಬಂದವನನ್ನು ಕಂಡಿದ್ದೇನೆ. ಹರಿದ ಕೆನ್ನೆಯನ್ನು ಅಂಗೈಯಲ್ಲಿ ಒತ್ತಿ ಹಿಡಿದು ಬಂದ ಒಬ್ಬ ಮುದುಕ, "ಲಗೂನ ಹೊಲೀರಿ ಅವ್ವಾ, ಕರೆಂಟ್ ಬಂದೈತಿ, ಹೊಲಕ್ಕ ನೀರು ಬಿಡಬೇಕು" ಅಂದಿದ್ದ. ಹೊಲಿದು ಕಳಿಸಿದೆವು. ಇಂಥವರನ್ನು ನೋಡಿ ನೋಡಿ ನನಗೆ ಕರಡಿಯ ಬಗ್ಗೆ ಭಯ ಹೋಗಿ ಒಂದು ಥರದ ದ್ವೇಷ ಬಂದಿತ್ತು ಎಂದರೆ ಸುಳ್ಳಲ್ಲ.

ನನ್ನ ಅಕ್ಕನ ಊರು ಗುಡ್ಡದ ಬುಡದಲ್ಲಿದೆ. ನಮ್ಮ ತವರು ತಂಬ್ರಹಳ್ಳಿ ಕಡೆ, ಅಲ್ಲಿ ಕರಡಿಯ ಕಾಟವಿಲ್ಲ. ಅವ್ವ ಬೇಗ ತೀರಿಕೊಂಡದ್ದರಿಂದ ನನ್ನನ್ನು ಸಾಕಿದವಳು ಅಕ್ಕನೇ. ಅವಳನ್ನು ಇಲ್ಲಿಗೆ ಮದುವೆ ಮಾಡಿ ಕೊಟ್ಟಾಗ ಅವಳ ಟ್ರಂಕಿನ ಹಿಂದೆ ನಾನೂ ಬಂದೆ. ಅವಳ ಗಂಡನನ್ನು ನಾನು ಮಾವ ಅನ್ನುತ್ತೇನೆ. ಅವನು ನನ್ನನ್ನು ನರ್ಸಮ್ಮ ಅನ್ನುತ್ತಾನೆ. ಶಾಲೆಗೆ ಹೋಗುವ ಕಾಲದಿಂದಲೇ ಹಾಗೆ ಕರೆದು ಕರೆದು ಕೊನೆಗೆ ನರ್ಸ್ ಮಾಡಿಯೇ ಬಿಟ್ಟ. ಅವರಿಗೆ ಮಕ್ಕಳಾಗಲಿಲ್ಲ. ನಾನೇ ಮಗಳು ಎಂದು ಅವರು ಬಾಯಿಬಿಟ್ಟು ಹೇಳಿದ್ದಿಲ್ಲ, ಹೇಳುವ ಅಗತ್ಯವೂ ಬಿದ್ದಿರಲಿಲ್ಲ.

ಅಕ್ಕನ ಬಾಯಿ ದೊಡ್ಡದು. ಬಸ್ ಸ್ಟಾಪಿನಲ್ಲಿ ಇಳಿದರೆ ಅವಳ ಬೈಗುಳ ಕೇಳಿಸುತ್ತಿತ್ತು, ಅದನ್ನೇ ಹಿಡಿದು ಮನೆ ತಲುಪಬಹುದಿತ್ತು. ಕೋಳಿಯನ್ನು ಬೈಯುವಳು, ಕರೆಂಟನ್ನು ಬೈಯುವಳು, ದೇವರನ್ನೂ ಬಿಟ್ಟವಳಲ್ಲ. ಅವಳು ಬೈಯದೆ ಮಾತಾಡಿಸುತ್ತಿದ್ದುದು ಒಂದು ಆಕಳನ್ನು ಮಾತ್ರ. ಕೊಟ್ಟೂರಿನ ಸಂತೆಯಿಂದ ಕರುವಾಗಿದ್ದಾಗಲೇ ತಂದ ಜವಾರಿ ಆಕಳು. ಕೂತು ಹಿಂಡುವಾಗ ಅಕ್ಕ ಅದರ ಹೊಟ್ಟೆಗೆ ಹಣೆ ಒತ್ತಿ ಊರಿನ ಸುದ್ದಿಯನ್ನೆಲ್ಲ ಹೇಳುತ್ತಿದ್ದಳು. ಅವಳ ದನಿ ಕೇಳದಿದ್ದರೆ ಅದು ಹಾಲು ಇಳಿಸುತ್ತಿರಲಿಲ್ಲ.

ಕೆಲವು ವರ್ಷಗಳ ಹಿಂದೆ ಗುಡ್ಡದ ಮಗ್ಗುಲಿನ ಪಟ್ಟಾ ಹೊಲವನ್ನು ಹೊರಗಿನವರು ಕೊಂಡು ಒಂದು ತೋಟದ ಮನೆ ಕಟ್ಟಿದರು. ಬಂದವರು ಉಳಿಯಲು ಕೋಣೆಗಳು, ಕೂತು ನೋಡಲು ಕಬ್ಬಿಣದ ಅಟ್ಟ, ಅಟ್ಟದ ಎದುರಿಗೆ ಒಂದು ಚಪ್ಪಟೆ ಬಂಡೆ. ಕರಡಿ ತಾನಾಗಿ ಬರುವುದನ್ನು ಕಾಯುವಷ್ಟು ಪುರುಸೊತ್ತು ಊರೂರಿನಿಂದ ಬಂದವರಿಗೆ ಇರುವುದಿಲ್ಲವಲ್ಲ. ಅದಕ್ಕೇ ದಿನಾ ಮಧ್ಯಾಹ್ನ ಬೆಲ್ಲದ ಪಾಕಕ್ಕೆ ಶೇಂಗಾ ಪುಡಿ ಕಲಸಿ ಆ ಬಂಡೆಯ ಸಂದುಗೊಂದಿಗೆಲ್ಲ ಹಚ್ಚುವುದು. ಸಂಜೆ ಕರಡಿ ಬಂದು ನೆಕ್ಕುತ್ತದೆ, ಇವರು ಉಸಿರು ಬಿಗಿ ಹಿಡಿದು ಫೋಟೋ ತೆಗೆಯುತ್ತಾರೆ. ಬೆಲ್ಲ ಹಚ್ಚುವ ಕೆಲಸ ಮಾವನಿಗೆ ಸಿಕ್ಕಿತು. ತಿಂಗಳ ಸಂಬಳ, ಮೇಲೊಂದು ಖಾಕಿ ಅಂಗಿ. ಆ ಅಂಗಿ ಹಾಕಿಕೊಂಡು ಮೊದಲ ದಿನ ಅವನು ಊರೆಲ್ಲ ಒಂದು ಸುತ್ತು ಹಾಕಿದ್ದ.

"ನೋಡೇ ಸಣ್ಣಾಕಿ," ಅಕ್ಕ ನನಗೆ ಹೇಳುತ್ತಿದ್ದಳು, ಅವನಿಗೆ ಕೇಳಿಸುವ ಹಾಗೆ. "ನನ್ನ ಬಾಯಾಗ ಒಂದಿನಾ ಬೆಲ್ಲ ಇಟ್ಟಾವಲ್ಲ. ಕರಡಿಗೆ ದಿನಾ ಹೂರಣ ತಿನ್ನಸ್ತಾನ."

"ಅದು ನಿನ್ನಂಗ ಬೈಯಂಗಿಲ್ಲ, ತಿಂದು ಸುಮ್ಮನ ಹೋಗ್ತೈತಿ," ಮಾವ ಅನ್ನುತ್ತಿದ್ದ.

ಕೆಲಸ ಮುಗಿಸಿ ಬರುವಾಗ ಅವನ ಕೈಯಲ್ಲಿ ಬೆಲ್ಲದ ಪಾಕದ ತಗಡಿನ ಡಬ್ಬಿ ಇರುತ್ತಿತ್ತು. ಬೆಲ್ಲದ ಪಾತ್ರೆ ತೊಳೆದ ನೀರನ್ನು ನಮ್ಮಲ್ಲಿ ಯಾರೂ ಬಚ್ಚಲಿಗೆ ಚೆಲ್ಲುವುದಿಲ್ಲ. ಹೋಳಿಗೆ ಮಾಡಿದ ದಿನ ಆ ನೀರಿಗಾಗಿ ದನ ಕಿವಿ ನೆಟ್ಟಗೆ ಮಾಡಿ ನಿಂತಿರುತ್ತದೆ. ಕರು ಹಾಕಿದ ಆಕಳಿಗಂತೂ ಬೆಲ್ಲದ ನೀರೆಂದರೆ ಬಾಣಂತನದ ಮದ್ದು. ಅಕ್ಕನ ಆಕಳೂ ಆಗ ಕರು ಹಾಕಿತ್ತು. ಅಕ್ಕನ ಕೊಟ್ಟಿಗೆಯ ಬಾಗಿಲಲ್ಲಿ ಕಲ್ಲಿನ ಬಾನಿಯೊಂದಿದೆ. ಅನ್ನ ಬಸಿದ ಗಂಜಿ, ಅಕ್ಕಿ ತೊಳೆದ ನೀರು, ತರಕಾರಿ ಸಿಪ್ಪೆ, ಹೀಗೆ ಅಡಿಗೆಮನೆಯ ಮುಸುರಿ ಎಲ್ಲ ಅದಕ್ಕೆ. ಸಂಜೆ ಮಾವ ತಂದ ಡಬ್ಬಿಯನ್ನು ಅಕ್ಕ ಅದರಲ್ಲೇ ಅದ್ದಿ ಕಲಕುತ್ತಿದ್ದಳು. ಒಂದು ಹನಿಯನ್ನೂ ಹಾಳು ಮಾಡುತ್ತಿರಲಿಲ್ಲ. ಆಕಳು ಕೊಂಬು ಮುಳುಗುವ ಹಾಗೆ ಮೂತಿ ಹಾಕಿ ಕುಡಿದು, ಬಾನಿಯ ಅಂಚನ್ನೂ ನೆಕ್ಕುತ್ತಿತ್ತು. ಅದಕ್ಕೆ ಪಕ್ಕದ ಮನೆಯ ಎಮ್ಮೆಗರುವೊಂದು ಪೈಪೋಟಿ. ಹಗ್ಗ ಹರಿದುಕೊಂಡು ಬಂದು ಬಾನಿಗೆ ಬಾಯಿ ಹಾಕುವುದು, ಅಕ್ಕ ಅದರ ಕುಂಡಿಗೆ ಎರಡು ಬಾರಿಸಿ ಅಟ್ಟುವುದು, ಇದು ದಿನದ ಕಥೆ.

ನೆಲದೊಳಗಿನ ಗೆದ್ದಲನ್ನು ಹೊರಗಿನಿಂದಲೇ ಮೂಸಿ ಹಿಡಿಯುವ ಪ್ರಾಣಿ ಕರಡಿ. ಬಂಡೆಯ ಬೆಲ್ಲವೂ ನಮ್ಮ ಬಾನಿಯ ಬೆಲ್ಲವೂ ಅದಕ್ಕೆ ಒಂದೇ ಎಂದು ಊರಿನಲ್ಲಿ ಯಾರಿಗೂ ಹೊಳೆಯಲಿಲ್ಲ. ದನದ ಬಾನಿ ಅಂದರೆ ದನದ ಬಾನಿ. ಅದಕ್ಕೂ ಕಾಡಿಗೂ ಏನು ಸಂಬಂಧ?

ಶೇಂಗಾ ಕಿತ್ತು ಮುಗಿದಿದ್ದ ದಿನಗಳು. ಹೊಲದಲ್ಲಿ ಕರಡಿಗೆ ಏನೂ ಉಳಿದಿರಲಿಲ್ಲ. ಬೆಳಗಿನ ಮಬ್ಬಿನಲ್ಲಿ ಮಾವ ಕಟ್ಟೆಯ ಮೇಲೆ ಕೂತು ಬೇವಿನ ಕಡ್ಡಿ ಜಗಿಯುತ್ತಿದ್ದ. ಅಕ್ಕ ಹಾಲಿನ ಚೊಂಬು ಹಿಡಿದು ಕೊಟ್ಟಿಗೆಯ ಕಡೆ ಹೋದಳು. ಬಾನಿಯಲ್ಲಿ ಕಪ್ಪಗೆ ಒಂದು ತಲೆ ಮುಳುಗಿತ್ತು. ಹಿಂಭಾಗ ಹೊರಗೆ ಕಾಣುತ್ತಿತ್ತು.

"ಮತ್ತ ಬಂತೇನ ನಿನ್ನ ಸವಾರಿ? ನಿಮ್ಮವ್ವನ ಹಾಲು ಸಾಲವಲ್ದೇನು ನಿನಗ?" ಎಂದು ಅಕ್ಕ ಅದರ ಕುಂಡಿಗೆ ಬಾರಿಸಿದಳು. ಮಾವ ಕಟ್ಟೆಯ ಮೇಲೆ ಕೂತು ನಗುತ್ತಿದ್ದನಂತೆ.

ಕರಡಿ ಎದ್ದು ನಿಂತಿತು. ಎಮ್ಮೆಗರು ಹೀಗೆ ಎದ್ದು ನಿಲ್ಲುವುದಿಲ್ಲ ಎಂದು ಅಕ್ಕನಿಗೆ ತಿಳಿಯುವಷ್ಟರಲ್ಲಿ ಅದರ ಉಗುರು ಅವಳ ಹಣೆಯಿಂದ ಗದ್ದದವರೆಗೆ ಇಳಿದಿತ್ತು. ಬಾನಿಯ ಹಿಂದೆ ಒಂದು ಮರಿ ಇತ್ತು, ಅದು ಕಿರುಚಿತು. ಮರಿ ಕಿರುಚಿದ ಮೇಲೆ ತಾಯಿಗೆ ಹುಚ್ಚೇ ಹಿಡಿಯಿತು. ಅಕ್ಕನನ್ನು ನೆಲಕ್ಕೆ ಕೆಡವಿ ದವಡೆಗೆ ಬಾಯಿ ಹಾಕಿ ಎಳೆದಾಡಿತು. ಕಟ್ಟಿದ್ದ ಆಕಳು ಗೂಟವನ್ನು ಕೀಳುವ ಹಾಗೆ ಜಗ್ಗುತ್ತಾ ಒದೆಯುತ್ತಿತ್ತು. ಮಾವ ಕೈಗೆ ಸಿಕ್ಕ ಹಾರೆಯಿಂದ ಕರಡಿಯ ಬೆನ್ನಿಗೆ ಬಡಿದ. ಎಷ್ಟು ಬಡಿದನೋ ಅವನಿಗೇ ಗೊತ್ತಿಲ್ಲ. ಓಣಿಯವರು ಕೊಡಲಿ, ಕುಡುಗೋಲು, ಕಲ್ಲು ಹಿಡಿದು ಓಡಿಬಂದರು. ಯಾರದೋ ಕೊಡಲಿ ಅದರ ಮುಂಗಾಲಿಗೆ ಬಿತ್ತು. ಆಗ ಅದು ಅಕ್ಕನನ್ನು ಬಿಟ್ಟು, ಮರಿಯನ್ನು ಬೆನ್ನಿಗೆ ಹತ್ತಿಸಿಕೊಂಡು, ರಕ್ತ ಸುರಿಸುತ್ತಾ ಗುಡ್ಡದ ಕಡೆ ಹೋಯಿತು. ಕಲ್ಲುಗಳು ಅದರ ಹಿಂದೆಯೇ ಹೋದವು.

ಅವತ್ತು ನನಗೆ ಬೆಳಗಿನ ಪಾಳಿ. ಬಿಳಿ ಕಾರೊಂದು ಹಾರ್ನ್ ಹೊಡೆಯುತ್ತಾ ಗೇಟಿನೊಳಗೆ ನುಗ್ಗಿತು. ಓಡಿಸುತ್ತಿದ್ದವನು ತೋಟದ ಮನೆಗೆ ಬಂದಿದ್ದ ಒಬ್ಬ ಯುವಕ. ಕೊರಳಲ್ಲಿ ಕ್ಯಾಮೆರಾ ಇನ್ನೂ ನೇತಾಡುತ್ತಿತ್ತು. ಹಿಂದಿನ ಸೀಟಿನಲ್ಲಿ ಕಂಬಳಿ ಸುತ್ತಿದ ಹೆಂಗಸು. ಸ್ಟ್ರೆಚರಿಗೆ ಎಳೆದುಕೊಂಡೆವು. ಮುಖದ ಎಡಭಾಗ ಉಳಿದಿರಲಿಲ್ಲ. ಕಣ್ಣು ಇರಬೇಕಾದಲ್ಲಿ ರಕ್ತ ಹೆಪ್ಪುಗಟ್ಟಿತ್ತು, ಕೆಳದವಡೆ ಮುರಿದು ಒಂದು ಪಕ್ಕಕ್ಕೆ ಹೊರಳಿತ್ತು, ಉಸಿರಾಡಿದಾಗಲೆಲ್ಲ ಕೆನ್ನೆಯ ತೂತಿನಿಂದ ಕೆಂಪು ಗುಳ್ಳೆ ಏಳುತ್ತಿತ್ತು. ನಾನು ಎಂದಿನ ಹಾಗೆ ಎಲ್ಲರಿಗೂ ಕೂಗಿ ಹೇಳುತ್ತಾ ಸೂಜಿ ಹಾಕಲು ತೋಳು ಹಿಡಿದೆ. ಮೊಣಕೈ ಕೆಳಗೆ ಒಂದು ಸುಟ್ಟ ಕಲೆ. ನಾನು ಚಿಕ್ಕವಳಿದ್ದಾಗ ನೀರೊಲೆಯ ಮೇಲಿನ ಹಂಡೆಗೆ ಬೀಳುವವಳಿದ್ದೆ, ನನ್ನನ್ನು ಎಳೆದುಕೊಳ್ಳುವಾಗ ಅಕ್ಕನ ತೋಳು ಹಂಡೆಗೆ ತಗುಲಿ ಆದ ಕಲೆ ಅದು.

ಸೂಜಿ ಹಾಕಿದೆ. ಒಂದೇ ಸಲಕ್ಕೆ ನರ ಸಿಕ್ಕಿತು. ಆಮೇಲೆ ಆ ತೋಳನ್ನು ಬಿಡಲೇ ಇಲ್ಲ, ಬೇರೆಯವರು ನನ್ನನ್ನು ಪಕ್ಕಕ್ಕೆ ಸರಿಸಿದರು.

ಬಳ್ಳಾರಿಗೆ ಕಳಿಸಲು ಆಂಬುಲೆನ್ಸ್ ತಯಾರಾಗುತ್ತಿತ್ತು. ಹೊರಗೆ ನಲ್ಲಿಯ ಹತ್ತಿರ ಆ ಯುವಕ ತೋಳಿನವರೆಗೆ ಅಂಟಿದ ರಕ್ತ ತೊಳೆಯುತ್ತಿದ್ದ. ನನ್ನನ್ನು ನೋಡಿ, "ಮೇಡಂ, ಮರಿ ಕೂಡ ಇತ್ತಂತೆ. ನಿನ್ನೆ ಬಂಡೆ ಮೇಲೆ ನಾವು ನೋಡಿದ ಕರಡೀನೇ ಇರಬೇಕು, ಅಲ್ವಾ?" ಅಂದ. ಅವನ ಕೆನ್ನೆಗೆ ಬಾರಿಸಿದೆ. ಕ್ಯಾಮೆರಾ ಪಟ್ಟಿ ಹಿಡಿದು ಜಗ್ಗಿ ಇನ್ನೊಂದು ಬಾರಿಸಿದೆ. ಕಾರಿನ ಹಿಂದೆ ಯಾರದೋ ಬೈಕಿನಲ್ಲಿ ಬಂದ ಮಾವ ಬಿಡಿಸಿದ. ಆ ಹುಡುಗ ಕೆಟ್ಟವನಲ್ಲ. ಅವನು ಕಾರು ಕೊಡದಿದ್ದರೆ ಅಕ್ಕ ದಾರಿಯಲ್ಲೇ ಹೋಗುತ್ತಿದ್ದಳು. ಹೊಡೆಸಿಕೊಂಡೂ ಅವನು ಆಂಬುಲೆನ್ಸಿನ ಹಿಂದೆ ಬಳ್ಳಾರಿಯವರೆಗೆ ಬಂದು ರಕ್ತ ಕೊಟ್ಟು ಹೋದ. ಇದೆಲ್ಲ ನನಗೆ ಗೊತ್ತಿದೆ. ಆದರೂ ಆವತ್ತು ಯಾರಿಗಾದರೂ ಹೊಡೆಯದಿದ್ದರೆ ನನ್ನ ತಲೆ ಸಿಡಿದುಹೋಗುತ್ತಿತ್ತು.

ಬಳ್ಳಾರಿಯಲ್ಲಿ ಎಡಗಣ್ಣು ತೆಗೆದರು. ಮೇಲಿನ ಹಲ್ಲಿಗೂ ಕೆಳಗಿನ ಹಲ್ಲಿಗೂ ತಂತಿ ಬಿಗಿದು ದವಡೆ ಕೂಡಿಸಿದರು. ನಂಜು ಬಲಗಣ್ಣಿಗೆ ಹರಡಿದರೆ ಅದೂ ಉಳಿಯುವುದಿಲ್ಲ ಎಂದರು. ಊರನ್ನೇ ಎಬ್ಬಿಸುತ್ತಿದ್ದ ಬಾಯಿಗೆ ಈಗ ಸ್ಟ್ರಾ ತೂರುವಷ್ಟೇ ಸಂದು. ಬಲಗಣ್ಣಿನ ಊತ ಇಳಿದು ಅದನ್ನು ತೆರೆದ ದಿನ ಅಕ್ಕ ನನ್ನನ್ನು ನೋಡಿದಳು. ನೋಡಿ, ಎರಡೂ ಕೈ ಮುಂದೆ ಚಾಚಿ, ಮುಷ್ಟಿ ಹಿಡಿದು, ಒಂದಾದ ಮೇಲೊಂದು ಕೆಳಗೆ ಎಳೆದಳು. ಹಾಲು ಹಿಂಡುವ ಸನ್ನೆ.

ಕಣ್ಣು ಹೋಯಿತೆಂದು ತಿಳಿದಿದ್ದರೂ ಅವಳು ಮೊದಲು ಕೇಳಿದ್ದು ಆಕಳನ್ನು.

"ಚಂದೈತಿ ಬಿಡು," ಅಂದೆ. "ನೀ ಇಲ್ಲಂತ ಹಾಲು ಇಳಿಸಲಿಲ್ಲಂತ. ಮಾವ ನಿನ್ನ ಸೀರಿ ಉಟಗೊಂಡು ಕುಂತು ಹಿಂಡ್ಯಾನ. ನಿನ್ನಂಗ ಊರ ಸುದ್ದಿ ಹೇಳ್ಯಾನಂತ, ಆಮ್ಯಾಲೆ ಇಳಿಸೇತಿ."

ಅದು ನಿಜವೇ. ಓಣಿಯ ಹೆಂಗಸರು ಬಾಗಿಲ ಸಂದಿಯಿಂದ ನೋಡಿ ನಕ್ಕಿದ್ದರಂತೆ. ಅಕ್ಕನ ಹೊಟ್ಟೆ ನಗುವಿಗೆ ಕುಲುಕಿತು. ಹೊಲಿಗೆ ಜಗ್ಗಿ ನೋವಾಗಿ ಇದ್ದ ಒಂದು ಕಣ್ಣಿನಲ್ಲಿ ನೀರು ಬಂತು. ಆಮೇಲೆ ದಿನಾ ಅದೇ ಸನ್ನೆ. ನಾನು ವಾರ್ಡಿನೊಳಗೆ ಕಾಲಿಟ್ಟ ಕೂಡಲೇ ಎರಡು ಮುಷ್ಟಿ ಮೇಲೇಳುತ್ತಿದ್ದವು. ಮನೆಗೆ ಹೋಗಿ ಆಕಳ ಹೊಟ್ಟೆಗೆ ಹಣೆ ಹಚ್ಚುವುದೊಂದೇ ಅವಳ ತಲೆಯಲ್ಲಿತ್ತು. ಗಂಜಿ ಬೇಡವೆಂದು ಹಟ ಮಾಡಿದರೆ "ಆಕಳ ನಿನ್ನ ಕಾಯಾಕ ಹತ್ತೇತಿ" ಎಂದರೆ ಸಾಕು, ಕುಡಿಯುತ್ತಿದ್ದಳು.

ಮಾವ ಒಂದು ದಿನ ಆಸ್ಪತ್ರೆಯ ಮೆಟ್ಟಿಲ ಮೇಲೆ ನನ್ನ ಪಕ್ಕ ಕೂತು, "ನನ್ನ ಡಬ್ಬಿ ನೀರಿಗೆ ಬಂದಿದ್ದು ಅದು, ನರ್ಸಮ್ಮ," ಅಂದ. "ನಾನ ಕರಕೊಂಡು ಬಂದಂಗಾತು."

ಅಕ್ಕನ ಗಂಜಿಯ ಹೊತ್ತಾಗಿತ್ತು, ನಾನು ಎದ್ದು ವಾರ್ಡಿಗೆ ಹೋದೆ.

ಅವನು ಕೆಲಸ ಬಿಟ್ಟಿರಲಿಲ್ಲ. ಬಿಟ್ಟರೆ ಬಳ್ಳಾರಿಯ ಓಡಾಟ ಹೇಗೆ ನಡೆಯಬೇಕು? ದಿನಾ ಮಧ್ಯಾಹ್ನ ಅದೇ ಖಾಕಿ ಅಂಗಿ ಹಾಕಿಕೊಂಡು ಅದೇ ಬಂಡೆಗೆ ಬೆಲ್ಲ ಹಚ್ಚುತ್ತಿದ್ದ. ಸಂಜೆ ಅದೇ ಕರಡಿ ಬರುತ್ತಿತ್ತು, ಮುಂಗಾಲು ಎಳೆಯುತ್ತಾ, ಬೆನ್ನ ಮೇಲೆ ಮರಿ ಹೊತ್ತು. ಅಟ್ಟದ ಮೇಲಿನವರಿಗೆ ಅದರ ಮೇಲೆ ಪ್ರೀತಿ ಉಕ್ಕಿ ಬಂದಿತ್ತು. "ಅಯ್ಯೋ ಪಾಪ, ಕುಂಟುತ್ತೆ ನೋಡಿ. ಯಾರು ಹೊಡೆದರೋ ಪಾಪಿಗಳು" ಎಂದು ಮಾವನ ಎದುರಿಗೇ ಅಂದರಂತೆ. ಕುಂಟ ಕರಡಿಯನ್ನೇ ನೋಡಬೇಕೆಂದು ಕೇಳಿಕೊಂಡು ಬರುವವರೂ ಹುಟ್ಟಿಕೊಂಡರು. ಹೆಂಡತಿಯ ಮುಖ ತಿಂದ ಕರಡಿಗೆ ತನ್ನ ಕೈಯಾರೆ ಬೆಲ್ಲ ಉಣಿಸಬೇಕು, ಮೇಲೆ ಪಾಪಿ ಅನ್ನಿಸಿಕೊಳ್ಳಬೇಕು. ಅವನ ಜಾಗದಲ್ಲಿ ನಾನಿದ್ದರೆ ಅಟ್ಟಕ್ಕೇ ಬೆಂಕಿ ಇಡುತ್ತಿದ್ದೆ. ಅವನು ಹಂದಿ ಮದ್ದು ತಂದ.

ಹೊಲಕ್ಕೆ ನುಗ್ಗುವ ಕಾಡುಹಂದಿಗೆ ಕೆಲವರು ಕದ್ದುಮುಚ್ಚಿ ಇಡುವ ಸಿಡಿಮದ್ದಿನ ಉಂಡೆ ಅದು. ಕಚ್ಚಿದರೆ ಬಾಯೊಳಗೇ ಸಿಡಿಯುತ್ತದೆ. ಅದನ್ನು ಎಲ್ಲಿಂದ ತಂದನೋ ನಾನು ಕೇಳಲಿಲ್ಲ. ಬೆಲ್ಲ ಮತ್ತು ಶೇಂಗಾ ಪುಡಿಯಲ್ಲಿ ಹೊರಳಿಸಿ, ಬಂದವರೆಲ್ಲ ಅಟ್ಟ ಇಳಿದು ಊಟಕ್ಕೆ ಹೋದ ಮೇಲೆ, ಬಂಡೆಯ ಮೇಲೆ ಇಟ್ಟು ಬಂದ. ಬೆಳಿಗ್ಗೆ ಹೋಗಿ ನೋಡಿದರೆ ಉಂಡೆ ಇಲ್ಲ. ಸಿಡಿದ ಗುರುತೂ ಇಲ್ಲ, ಕರಡಿಯ ಹೆಣವೂ ಇಲ್ಲ. ಇಲಿಯೋ ಅಳಿಲೋ ಉರುಳಿಸಿಕೊಂಡು ಹೋಗಿರಬೇಕು. ಬಂಡೆಯ ಸುತ್ತ ಮೊಣಕಾಲೂರಿ ಹುಡುಕಿದನಂತೆ. ಸಿಗಲಿಲ್ಲ. ಯಾರಿಗಾದರೂ ಹೇಳಿದರೆ ಜೈಲು ಎಂದು ಹೆದರಿ ಬಾಯಿ ಮುಚ್ಚಿಕೊಂಡ.

ಮರುದಿನ ನಾನು ಅಕ್ಕನ ಬಟ್ಟೆ ತರಲು ಊರಿಗೆ ಹೋಗಿದ್ದೆ. ಆಕಳನ್ನೂ ಒಮ್ಮೆ ಕಣ್ಣಾರೆ ನೋಡಿ ಹೋಗಿ ಹೇಳೋಣವೆಂದಿತ್ತು. ಅದು ಊರ ದನಗಳ ಜೊತೆ ಗುಡ್ಡದ ಬುಡಕ್ಕೆ ಮೇಯಲು ಹೋಗಿತ್ತು. ನಾನು ಕಟ್ಟೆಯ ಮೇಲೆ ಕೂತು ಅಕ್ಕನ ಕುಪ್ಪಸ ಮಡಚುತ್ತಿದ್ದಾಗ ದೂರದಲ್ಲಿ ಢಂ ಎಂದು ಸದ್ದಾಯಿತು. ಕಲ್ಲಿನ ಕ್ವಾರಿಯದು ಇರಬೇಕೆಂದುಕೊಂಡೆ. ಆ ಸದ್ದು ಇಲ್ಲಿ ಹೊಸದಲ್ಲ. ಮಾವ ಒಳಗಿನಿಂದ ಓಡಿಬಂದು ಅಂಗಳದಲ್ಲಿ ನಿಂತ. ಅವನ ಮುಖ ನೋಡಿ ನನಗೆ ಏನೋ ಕೆಟ್ಟದ್ದಾಗಿದೆ ಎನ್ನಿಸಿತು.

ಸ್ವಲ್ಪ ಹೊತ್ತಿಗೆ ಆಕಳು ತಾನೇ ನಡೆದು ಬಂತು. ಯಾರೂ ಅಟ್ಟಿಕೊಂಡು ಬಂದಿರಲಿಲ್ಲ. ಅದರ ಕೆಳದವಡೆ ಚರ್ಮದ ಒಂದು ಪಟ್ಟಿಗೆ ಜೋತು ಬಿದ್ದು ಹೆಜ್ಜೆ ಹೆಜ್ಜೆಗೂ ಅಲ್ಲಾಡುತ್ತಿತ್ತು. ನಾಲಿಗೆ ಅರ್ಧ ಹರಿದಿತ್ತು. ಓಣಿಯುದ್ದಕ್ಕೂ ರಕ್ತದ ಗೆರೆ ಎಳೆಯುತ್ತಾ ಬಂದು, ಅದು ಸೀದಾ ಕೊಟ್ಟಿಗೆಯ ಬಾಗಿಲಿಗೆ ಹೋಗಿ ಬಾನಿಗೆ ಮುಖ ಇಳಿಸಿತು. ನೀರು ಕೆಂಪಾಯಿತು. ಕುಡಿಯಲು ಅದಕ್ಕೆ ಬಾಯಿ ಇರಲಿಲ್ಲ. ತಲೆ ಎತ್ತಿ ನಮ್ಮನ್ನು ನೋಡಿತು, ಮತ್ತೆ ಇಳಿಸಿತು. ಕಟ್ಟಿದ್ದ ಕರು ಅಂಬಾ ಎಂದು ಕೂಗುತ್ತಿತ್ತು.

"ಕರಡಿಗಂತ ಇಟ್ಟಿದ್ದೆ," ಮಾವ ಅಂದ. "ಕರಡಿಗಂತ ಇಟ್ಟಿದ್ದೆ ನರ್ಸಮ್ಮ."

ಬೆಲ್ಲದ ಡಬ್ಬಿ ಬಾನಿಯ ಪಕ್ಕದಲ್ಲೇ ಇತ್ತು. ಅದನ್ನೇ ಎತ್ತಿಕೊಂಡು ಅವನಿಗೆ ಹೊಡೆದೆ. ಅವನು ಕೈ ಅಡ್ಡ ತರಲಿಲ್ಲ. "ಹೊಡಿ, ಹೊಡಿ" ಎನ್ನುತ್ತಾ ನಿಂತಿದ್ದ. ಅದು ನನ್ನ ಸಿಟ್ಟನ್ನು ಇನ್ನಷ್ಟು ಕೆರಳಿಸಿತು. ಡಬ್ಬಿಯ ಅಂಚು ತಗುಲಿ ಹುಬ್ಬು ಸೀಳಿತು, ರಕ್ತ ಕಣ್ಣಿಗಿಳಿಯಿತು, ನಾನು ಹೊಡೆಯುತ್ತಲೇ ಇದ್ದೆ. ಓಣಿಯ ಹೆಂಗಸರು ಬಂದು ನನ್ನನ್ನು ಹಿಂದಕ್ಕೆ ಎಳೆದರು. ಆಮೇಲೆ ನಾನೇ ಅವನ ಹುಬ್ಬಿಗೆ ಹೊಲಿಗೆ ಹಾಕಿದೆ. ಜೋಮು ಹಿಡಿಸುವ ಇಂಜೆಕ್ಷನ್ ನನ್ನ ಚೀಲದಲ್ಲಿತ್ತು, ಕೊಡಲಿಲ್ಲ. ಅವನೂ ಕೇಳಲಿಲ್ಲ.

ಪಶುವೈದ್ಯರು ಬಂದು ಗಾಯ ತೊಳೆದು, ಜೋತ ದವಡೆಯನ್ನು ಬಟ್ಟೆಯಿಂದ ಎತ್ತಿ ಕಟ್ಟಿದರು. ಮೂಳೆ ಪುಡಿಯಾಗಿದೆ, ಕೂಡುವುದಿಲ್ಲ, ಜೀವ ಇರುವಷ್ಟು ದಿನ ಗಂಟಲಿಗೆ ಗಂಜಿ ಬಿಡಿ ಎಂದು ಹೇಳಿ ಹೋದರು. ನಾನು ಬಟ್ಟೆಯ ಗಂಟು ಹಿಡಿದು ಬಳ್ಳಾರಿಗೆ ಮರಳಿದೆ.

ವಾರ್ಡಿಗೆ ಕಾಲಿಟ್ಟ ಕೂಡಲೇ ಅಕ್ಕನ ಮುಷ್ಟಿಗಳು ಮೇಲೆದ್ದವು. ದಾರಿಯುದ್ದಕ್ಕೂ ಒಂದು ಸುಳ್ಳು ಕಟ್ಟಿಕೊಂಡು ಬಂದಿದ್ದೆ. ಅದು ಬಾಯಿಗೆ ಬರಲಿಲ್ಲ. "ನಾಡಿದ್ದು ಮನಿಗೆ ಬಿಡ್ತಾರ. ಬಂದು ನೋಡುವಂತಿ," ಅಂದೆ. ಅಕ್ಕ ನನ್ನನ್ನೇ ನೋಡಿದಳು. ಮುಷ್ಟಿ ಬಿಚ್ಚಿ ಕೈಗಳು ಮಡಿಲಿಗೆ ಬಿದ್ದವು. ಆ ಸನ್ನೆಯನ್ನು ಅವಳು ಮತ್ತೆ ಮಾಡಲಿಲ್ಲ.

ಮನೆಗೆ ಬಂದವಳು ಒಳಗೆ ಹೋಗಲಿಲ್ಲ, ನೇರ ಕೊಟ್ಟಿಗೆಗೆ ಹೋದಳು. ಆಕಳು ಮೈಯೆಲ್ಲ ಎಲುಬಾಗಿ ನಿಂತಿತ್ತು. ಬಟ್ಟೆಯ ಒಳಗಿಂದ ಕೊಳೆತ ವಾಸನೆ ಬರುತ್ತಿತ್ತು, ನೊಣ ಮುತ್ತಿದ್ದವು. ಅಕ್ಕನ ಹೆಜ್ಜೆ ಕೇಳಿ ಅದು ಕೂಗಲು ನೋಡಿತು. ಬರೀ ಗಾಳಿ ಬಂತು. ಅಕ್ಕ ಬಳ್ಳಾರಿಯಿಂದ ಬರುವ ದಾರಿಯುದ್ದಕ್ಕೂ ಮುಖದ ಮೇಲಿಂದ ತೆಗೆಯದಿದ್ದ ಸೆರಗನ್ನು ತೆಗೆದಳು. ಹೊಲಿಗೆಯ ಗೆರೆಗಳು, ಕಣ್ಣಿಲ್ಲದ ಗುಳಿ, ತಂತಿ ಬಿಗಿದ ಬಾಯಿ, ಎಲ್ಲವನ್ನೂ ಆಕಳ ಮುಂದೆ ಬಿಚ್ಚಿಟ್ಟು ಅದರ ಹೊಟ್ಟೆಗೆ ಹಣೆ ಒತ್ತಿದಳು. ನನಗೆ ಅಲ್ಲಿ ನಿಲ್ಲಲಾಗಲಿಲ್ಲ.

ಅವಳು ಒಂದೇ ಪಾತ್ರೆಯಲ್ಲಿ ಜೋಳದ ಗಂಜಿ ಕಾಸಿದಳು. ತನ್ನದನ್ನು ಸ್ಟ್ರಾದಲ್ಲಿ ಹೀರಿದಳು. ಆಕಳದನ್ನು ದನಕ್ಕೆ ಔಷಧ ಕುಡಿಸುವ ಬಿದಿರಿನ ಗೊಟ್ಟದಲ್ಲಿ ತುಂಬಿ ಗಂಟಲಿಗೆ ಹೊಯ್ದಳು. ಅರ್ಧಕ್ಕಿಂತ ಹೆಚ್ಚು ಹೊರಗೆ ಬಂದು ಅವಳ ಸೀರೆಯ ಮೇಲೆ ಸುರಿಯಿತು. ಮತ್ತೆ ತುಂಬಿದಳು, ಮತ್ತೆ ಹೊಯ್ದಳು. ಮೂರನೆಯ ಬೆಳಿಗ್ಗೆ ಆಕಳು ಏಳಲಿಲ್ಲ. ಅದರ ತಲೆ ಅಕ್ಕನ ತೊಡೆಯ ಮೇಲಿತ್ತು.

ಹೊಲದ ಬದುವಿನಲ್ಲಿ ಮಾವ ಒಬ್ಬನೇ ಗುಂಡಿ ತೋಡಿದ. ಗುಂಡಿಯೊಳಗೆ ನಿಂತೇ ಅಕ್ಕನಿಗೆ ಎಲ್ಲ ಹೇಳಿದ, ಮದ್ದು ತಂದದ್ದು, ಇಟ್ಟದ್ದು, ಕಳೆದದ್ದು, ಬಾಯಿ ಮುಚ್ಚಿಕೊಂಡದ್ದು. ಹೇಳಿ, ಬೈಗುಳಕ್ಕೆ ಕಾಯುತ್ತಾ ನಿಂತ. ಅವಳ ಬೈಗುಳ ಬಿದ್ದಿದ್ದರೆ ಅವನು ಅಷ್ಟೊಂದು ನವೆಯುತ್ತಿರಲಿಲ್ಲ. ಅಕ್ಕ ಬೈಯಲಿಲ್ಲ. ಬೈಯಲು ಬಾಯಿ ಇರಲಿಲ್ಲ. ಒಂದು ಹಿಡಿ ಮಣ್ಣು ಹಾಕಿ ಮನೆಗೆ ಬಂದಳು.

ಮಾವ ಅಂದೇ ಖಾಕಿ ಅಂಗಿ ಹಿಂದಿರುಗಿಸಿದ. ತೋಟದ ಮನೆಯವರಿಗೆ ಬೇರೆಯವನು ಸಿಕ್ಕ. ಬಂಡೆಗೆ ಬೆಲ್ಲ ಬೀಳುವುದು ನಿಲ್ಲಲಿಲ್ಲ, ಕಾರುಗಳು ಬರುವುದೂ ನಿಲ್ಲಲಿಲ್ಲ. ಒಂದು ಮಧ್ಯಾಹ್ನ ಅಕ್ಕ ಒಲೆಯ ಬೂದಿಯನ್ನು ಬುಟ್ಟಿಗೆ ತುಂಬಿಕೊಂಡಳು, ಅದರ ಮೇಲೆ ಬಾನಿ ತಿಕ್ಕುವ ತೆಂಗಿನ ನಾರು ಇಟ್ಟಳು. ಎರಡು ಕೊಡ ನೀರು ತುಂಬಿ ಮಾವನ ಮುಂದೆ ಇಟ್ಟು ಗುಡ್ಡದ ಕಡೆ ನಡೆದಳು. ಅವನು ಕೊಡ ಹೊತ್ತು ಅವಳ ಹಿಂದೆ ಹೋದ. ನಾನು ಒಂದು ಬಡಿಗೆ ಹಿಡಿದು, ಕರಡಿಗೆ ಕೇಳಿಸಲಿ ಎಂದು ಬಾಯಿಗೆ ಬಂದ ಹಾಗೆ ಕೂಗುತ್ತಾ ಅವರ ಹಿಂದೆ ಹೋದೆ.

ಅಟ್ಟದ ಮೇಲೆ ಆಗಲೇ ಜನ ಕೂತಿದ್ದರು. ಅಕ್ಕ ಬಂಡೆ ಹತ್ತಿ, ಸೀರೆ ಮೇಲಕ್ಕೆ ಸಿಕ್ಕಿಸಿ, ಮೊಣಕಾಲೂರಿ ಕೂತು ಬೂದಿ ಚೆಲ್ಲಿ ತಿಕ್ಕತೊಡಗಿದಳು. ಮಾವ ನೀರು ಹೊಯ್ಯುತ್ತಾ ಹೋದ. ಸಂದಿನಲ್ಲಿದ್ದ ಹಳೆಯ ಬೆಲ್ಲ ಕರಗಿ ಕಪ್ಪಗೆ ಹರಿಯಿತು.

"ಯಾರ್ರೀ ಅದು? ಸ್ವಲ್ಪ ಪಕ್ಕಕ್ಕೆ ಹೋಗ್ರೀ, ಕರಡಿ ಬರೋ ಟೈಮು!" ಅಟ್ಟದಿಂದ ಒಬ್ಬರು ಕೂಗಿದರು. ಅಕ್ಕ ಆ ಕಡೆ ಮುಖ ತಿರುಗಿಸಿದಳು. ಸೆರಗು ಹೊದ್ದಿರಲಿಲ್ಲ. ಮತ್ತೆ ಯಾರೂ ಕೂಗಲಿಲ್ಲ.

ಆಗಲೇ ಬಂಡೆಗಳ ಸಂದಿನಿಂದ ಅದು ಹೊರಬಂತು. ಮುಂಗಾಲು ಎಳೆಯುತ್ತಿತ್ತು, ಬೆನ್ನ ಮೇಲೆ ಮರಿ. ಮೂಗು ಎತ್ತಿ ಗಾಳಿ ಮೂಸಿತು. ಅಟ್ಟದ ಮೇಲೆ ಕ್ಯಾಮೆರಾಗಳು ಕಟಕಟ ಅಂದವು. ನಾನು ಬಡಿಗೆ ಎತ್ತಿದೆ. ಅಂಥ ಹೊತ್ತಿನಲ್ಲಿ ಬಡಿಗೆ ಏನೂ ಮಾಡಲಾರದೆಂದು ನನಗೆ ಗೊತ್ತು, ಆದರೆ ಅದರ ಮೂತಿಯನ್ನು ಪುಡಿ ಮಾಡಬೇಕೆಂದು ನನ್ನ ಇಡೀ ಮೈ ಕುದಿಯುತ್ತಿತ್ತು. ಮಾವ ಖಾಲಿ ಕೊಡವನ್ನು ಬಂಡೆಗೆ ಬಡಿಯತೊಡಗಿದ. ಅಕ್ಕ ಒಂದು ಕಣ್ಣಿನಿಂದ ಕರಡಿಯನ್ನು ನೋಡಿದಳು. ಅವಳ ಕೈ ನಿಲ್ಲಲಿಲ್ಲ. ತಂತಿ ಬಿಗಿದ ಹಲ್ಲುಗಳ ಒಳಗಿಂದಲೇ ಏನೋ ಹೇಳಿದಳು. ವಾರಗಟ್ಟಲೆ ಕೇಳಿ ರೂಢಿಯಾಗಿದ್ದರಿಂದ ಅದು ನನಗೊಬ್ಬಳಿಗೇ ತಿಳಿಯುವಂತಿತ್ತು. ಹೇಳಿ, ಕೂಗು ಎನ್ನುವ ಹಾಗೆ ನನ್ನತ್ತ ಗದ್ದ ಎತ್ತಿದಳು.

"ಬೆಲ್ಲ ಮುಗೀತಂತ!" ಗುಡ್ಡಕ್ಕೆಲ್ಲ ಕೇಳುವ ಹಾಗೆ ನಾನು ಅಕ್ಕನ ಬಾಯಾಗಿ ಕೂಗಿದೆ. "ಎಲ್ಲಾರೂ ಮನಿಗೆ ಹೋಗ್ರಿ!"

ಮೊದಲು ತಿರುಗಿ ಹೋದದ್ದು ಕರಡಿ. ಅಟ್ಟದ ಮೇಲಿನವರು ಇನ್ನೂ ನಿಂತೇ ಇದ್ದರು, ಅಕ್ಕ ತಿಕ್ಕುತ್ತಲೇ ಇದ್ದಳು.